ಅವ್ವನ ಪರಿಶೀಲನೆ

ನನ್ನ ಅವ್ವ ಕಾಡಿನವಳು ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಮೂವರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಅವ್ವ ನಿಂತಿದ್ದಳು. ಕುರ್ಚಿ ಇರಲಿಲ್ಲವೆಂದಲ್ಲ, ಗೋಡೆಗೆ ಒರಗಿಸಿ ನಾಲ್ಕಾರು ಇಟ್ಟಿದ್ದರು. ಕೂತ್ಕೊಳ್ಳಮ್ಮ ಎಂದು ಯಾರೂ ಹೇಳಲಿಲ್ಲ. ಹೇಳದೆ ಕೂರುವ ಧೈರ್ಯ ನಮಗೂ ಇರಲಿಲ್ಲ.

ನಾನು ಸೌಮ್ಯ. ನರ್ಸಿಂಗ್ ಓದಿದ್ದೇನೆ. ಜೇನು ಕುರುಬರ ಹುಡುಗಿ. ಆ ಮೀಸಲಾತಿಯಲ್ಲೇ ಸರ್ಕಾರಿ ಆಸ್ಪತ್ರೆಯ ನರ್ಸ್ ಹುದ್ದೆಗೆ ಆಯ್ಕೆಯಾಗಿದ್ದೆ. ಆಯ್ಕೆಯಾದರೆ ಸಾಲದು. ಜಾತಿ ಪ್ರಮಾಣಪತ್ರ ಇದ್ದರೂ ಸಾಲದು. ಆ ಪ್ರಮಾಣಪತ್ರ ನಿಜವೇ ಎಂಬುದಕ್ಕೆ ಇನ್ನೊಂದು ಪ್ರಮಾಣಪತ್ರ ಬೇಕು. ಸಿಂಧುತ್ವ ಎನ್ನುತ್ತಾರೆ ಅದಕ್ಕೆ. ಅದನ್ನು ಕೊಡುವ ಸಮಿತಿ ಇದು. ಕೊಡದಿದ್ದರೆ ಹುದ್ದೆ ಇಲ್ಲ. ಹುದ್ದೆ ಇಲ್ಲದಿದ್ದರೆ ನಾನು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಕಂಡವರ ಬೈಗುಳ ತಿಂದುಕೊಂಡು ಇರಬೇಕು, ಅವ್ವ ಮೇಟಗಳ್ಳಿಯ ಕಾರ್ಖಾನೆಯಲ್ಲಿ ಗಂಡಸರ ಕಕ್ಕಸು ತೊಳೆದುಕೊಂಡು ಇರಬೇಕು.

ಯಾರೋ ಉಳ್ಳವರು ಸುಳ್ಳು ಪತ್ರ ಮಾಡಿಸಿ ನಮ್ಮವರ ಸೀಟು ನುಂಗಿದ್ದು ನಿಜ. ಅವರನ್ನು ಹಿಡಿಯಲಿ, ಬೇಡ ಎಂದವರು ಯಾರು? ಆದರೆ ಅವರು ವಕೀಲರನ್ನು ಕರೆದುಕೊಂಡು ಬರುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬರೆ ಹಾಕಿಸಿಕೊಳ್ಳಲು ನಾವು ಸಾಲಿನಲ್ಲಿ ನಿಂತಿರುತ್ತೇವೆ.

ಅವ್ವನ ಕೈ ನೋಡಬೇಕು ನೀವು. ಆಸಿಡ್ ಮತ್ತು ಫಿನಾಯಿಲ್ ಸೇರಿ ಬೆರಳ ಸಂದಿನ ಚರ್ಮ ಸುಲಿದುಹೋಗಿದೆ. ಗುತ್ತಿಗೆದಾರ ಕೈಗವಸು ಕೊಡುತ್ತೇನೆಂದು ಹೇಳುತ್ತಲೇ ಇದ್ದಾನೆ. ಖಾರದ ಸಾರು ಕಲೆಸಿದರೆ ಕೈ ಉರಿಯುತ್ತದೆ, ಅದಕ್ಕೆ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಚಮಚದಲ್ಲಿ ತಿನ್ನುತ್ತಾಳೆ. ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. ಪಾಳಿ ಮುಗಿಸಿ ಹೂಟಗಳ್ಳಿಯ ಹಿಂದಿನ ನಮ್ಮ ಶೀಟಿನ ಮನೆಗೆ ಬಂದರೆ ಮೊದಲು ಗೋಡೆ ಹಿಡಿದುಕೊಂಡು ನಿಂತು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾಳೆ, ಆಮೇಲೆ ಒಳಗೆ ಬರುತ್ತಾಳೆ.

ಮೊದಲ ಸಲ ಸಮಿತಿ ಕರೆದಾಗ ನಮ್ಮಂಥವರು ಮಾಡುವ ತಪ್ಪನ್ನೇ ಮಾಡಿದೆವು. ಚೆನ್ನಾಗಿ ಉಟ್ಟುಕೊಂಡು ಹೋದೆವು.

ಸರ್ಕಾರಿ ಕಚೇರಿ ಎಂದರೆ ಕೊಳಕಾಗಿ ಹೋಗಬಾರದು, ಬಾಗಿಲಲ್ಲೇ ತಡೆಯುತ್ತಾರೆ ಎಂದು ನಮಗೆ ಗೊತ್ತು. ಅದಕ್ಕೆ ಅವ್ವನಿಗೆ ಹಬ್ಬದ ಸೀರೆ ಉಡಿಸಿದೆ. ಎಣ್ಣೆ ಹಚ್ಚಿ ತಲೆ ಬಾಚಿ ಮಲ್ಲಿಗೆ ಮುಡಿಸಿದೆ. ನನ್ನದೇ ಒಳ್ಳೆಯ ಚಪ್ಪಲಿ ಹಾಕಿಸಿದೆ. ಅವ್ವ ಕನ್ನಡಿ ನೋಡಿಕೊಂಡು, "ಬೀಗ್ತಿ ಮನೆಗೆ ಹೊಂಟಂಗದೆ ಕಣ್ಮಗಾ" ಎಂದು ನಕ್ಕಳು.

ಮಧ್ಯದ ಕುರ್ಚಿಯಲ್ಲಿದ್ದವರು ವಾಗೀಶ, ಸಮಿತಿಯ ಅಧ್ಯಕ್ಷರು. ಅವರ ಬಲಕ್ಕೆ ಪವಮಾನ, ನಿವೃತ್ತ ಪ್ರೊಫೆಸರು. ಬುಡಕಟ್ಟು ಜನರ ಬಗ್ಗೆ ಪುಸ್ತಕ ಬರೆದವರಂತೆ. ನಾವು ನಿಜವಾಗಿ ನಾವೇ ಎಂದು ಹೇಳುವ ತಜ್ಞರು. ಎಡಕ್ಕೆ ಗಾರ್ಗಿ ಮೇಡಂ, ನನಗಿಂತ ಸ್ವಲ್ಪ ದೊಡ್ಡವರಿರಬಹುದು, ಹೊಸದಾಗಿ ಬಂದ ಅಧಿಕಾರಿ.

ವಾಗೀಶ ಅವ್ವನನ್ನು ಮೇಲಿನಿಂದ ಕೆಳಗೆ ನೋಡಿದರು. "ನೋಡಿದ್ರೆ ಹಾಗನ್ನಿಸಲ್ವಲ್ಲ," ಎಂದರು. ನಮಗಲ್ಲ, ಪವಮಾನರಿಗೆ.

"ಮನೇಲಿ ಗ್ಯಾಸ್ ಇದ್ಯೇನಮ್ಮ?"

"ಅದೆ ಸಾ."

"ಟಿವಿ?"

"ಅದೆ ಸಾ. ಚಿತ್ರ ಸರ್ಯಾಗ್ ಬರಲ್ಲ."

ಬರೆದುಕೊಂಡರು. ಕಾಡಿನವರ ಮನೆಯಲ್ಲಿ ಟಿವಿ ಇರಬಾರದು ಎಂದು ಯಾವ ಕಾನೂನಿನಲ್ಲಿದೆಯೋ ಗೊತ್ತಿಲ್ಲ.

ಪವಮಾನ ಮುಂದೆ ಬಗ್ಗಿದರು. "ಕೊನೇ ಸಲ ಜೇನು ಕಿತ್ತಿದ್ದು ಯಾವಾಗ?"

"ಈಗ ಕಿತ್ರೆ ಒದೀತಾರೆ ಸಾ."

"ಅಂದ್ರೆ ಕೀಳಲ್ಲ. ಕುಲಕಸುಬು ಬಿಟ್ಟಾಗಿದೆ. ಸರಿ, ಕಾಡು ಯಾಕೆ ಬಿಟ್ಟು ಬಂದ್ರಿ?"

ಅವ್ವ ನನ್ನ ಮುಖ ನೋಡಿದಳು. ಪ್ರಶ್ನೆ ಅರ್ಥವಾಗಲಿಲ್ಲವೆಂದಲ್ಲ. ಇದೂ ಗೊತ್ತಿಲ್ಲದೆ ಇವರು ಇಲ್ಲಿ ಹೇಗೆ ಕೂತಿದ್ದಾರೆ ಎಂದು.

"ನಾವ್ ಬುಟ್ಟು ಬರ್ಲಿಲ್ಲ ಸಾ. ನೀವೇ ಲಾರೀಲಿ ತುಂಬ್ಕೊಬಂದು ಬುಟ್ರಿ."

"ನಾವಾ?"

"ಸರ್ಕಾರದೋರು. ಹುಲಿಗೆ ಜಾಗ ಬೇಕು ಅಂದ್ರು. ಗುಡ್ಲು ಕಿತ್ತಾಕುದ್ರು. ಒಲೆ ಮ್ಯಾಲೆ ಗೆಣಸು ಬೇಯ್ತಿತ್ತು, ಅದ್ನೂ ತಕ್ಕೊಳಕ್ಕೆ ಬುಡ್ಲಿಲ್ಲ."

"ಅದು ಪುನರ್ವಸತಿ ಕಣಮ್ಮ. ನಿಮ್ಮ ಒಳ್ಳೇದಕ್ಕೇ ಮಾಡಿದ್ದು," ಎಂದರು ವಾಗೀಶ. ಪ್ರಕರಣವನ್ನು ಇನ್ನೊಂದು ದಿನಕ್ಕೆ ಮುಂದೂಡಿದರು. ಬುಡಕಟ್ಟಿನ ಲಕ್ಷಣ ಕಂಡುಬರಲಿಲ್ಲ, ಮುಂದಿನ ಸಲ ಸಂಪ್ರದಾಯದ ಹಾಡು ಕುಣಿತ ಮಾಡಿ ತೋರಿಸಬೇಕು ಎಂದು ನನಗೆ ಹೇಳಿದರು.

ಆ ಒಳ್ಳೆಯದು ಏನಾಯಿತೆಂದು ನಾನು ಹೇಳುತ್ತೇನೆ. ಲಾರಿಯಿಂದ ಇಳಿಸಿದ ಜಾಗದಲ್ಲಿ ನೀರಿರಲಿಲ್ಲ. ಅಪ್ಪ, ಅವ್ವ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆ ಹೋದರು. ನಾನು ಹುಟ್ಟಿದ್ದು ಅಲ್ಲಿನ ಲೈನ್‌ಮನೆಯಲ್ಲಿ. ಜೇನಿನ ಕಾಲ ಬಂದರೆ ಅಪ್ಪನಿಗೆ ಕಾಲು ನಿಲ್ಲುತ್ತಿರಲಿಲ್ಲ. ಕಾಳಯ್ಯ ಎಂದು ಅಪ್ಪನ ಹೆಸರು. ತನ್ನ ಅಪ್ಪ ಹತ್ತಿದ್ದ ಮರಕ್ಕೇ ಹತ್ತಬೇಕೆಂದು ಒಂದು ವರ್ಷ ಕಾಡಿಗೆ ಹೋದ. ಗಾರ್ಡುಗಳು ಹಿಡಿದರು. ಮರಕ್ಕೆ ಕಟ್ಟಿ ಹೊಡೆದರು. ಮನೆಗೆ ಬಂದವನು ಚಾಪೆಯ ಮೇಲೆ ಮಲಗಿದ, ಕೆಮ್ಮಿದ, ರಕ್ತ ಕಾರಿದ, ಸತ್ತ. ಮರದಿಂದ ಬಿದ್ದು ಸತ್ತ ಎಂದು ಬರೆದುಕೊಂಡು ಹೋದರು. ಅವತ್ತು ನಾನು ಸ್ಕೂಲಿನ ಸಮವಸ್ತ್ರದಲ್ಲೇ ಇದ್ದೆ, ಬಿಚ್ಚಲು ಯಾರೂ ಹೇಳಿರಲಿಲ್ಲ. ಜೇನು ಕಿತ್ತ ತಪ್ಪಿಗೆ ಅಪ್ಪನನ್ನು ಕೊಂದವರೇ ಈಗ ಅವ್ವನನ್ನು ಕೇಳುತ್ತಿದ್ದಾರೆ, ಯಾಕಮ್ಮ ಜೇನು ಕೀಳುವುದಿಲ್ಲ ಎಂದು. ಬೇರೆ ಆಫೀಸು, ಬೇರೆ ಕುರ್ಚಿ ಇರಬಹುದು. ನನಗೆ ಎಲ್ಲ ಒಂದೇ.

ಕಚೇರಿಯ ಜವಾನ ಮಂಟಯ್ಯ ಹೊರಗೆ ನನ್ನನ್ನು ಪಕ್ಕಕ್ಕೆ ಕರೆದ. ಕೆಟ್ಟವನಲ್ಲ.

"ಇಂಗೆ ಮದ್ವೆಗ್ ಬಂದಂಗ್ ಬಂದ್ರೆ ಯಾರವ್ವ ನಂಬ್ತಾರೆ? ಅರ್ಕಲು ಸೀರೆ ಉಡ್ಸು. ಕಾಲ್ಗೇನೂ ಬ್ಯಾಡ. ಹಾಡು ಅಂದ್ರೆ ಹಾಡ್ಲಿ, ಕುಣಿ ಅಂದ್ರೆ ಕುಣೀಲಿ. ಅವ್ರಿಗೆ ಕಣ್ಣಿಗ್ ಕಾಡ್ ಕಾಣ್ಬೇಕು ಕಣವ್ವ."

ಅವನು ಹೇಳಿದ್ದು ಸರಿ ಎಂದು ನನಗೆ ಗೊತ್ತಾಯಿತು. ಅದಕ್ಕೇ ಸಿಟ್ಟು ಬಂತು. ಆದರೂ ಅವನು ಹೇಳಿದ ಹಾಗೇ ಮಾಡಿದೆ.

ಎರಡನೆಯ ಸಲ ಕರೆದ ದಿನ ಬೆಳಿಗ್ಗೆ ನೆಲ ಒರೆಸಲು ಇಟ್ಟಿದ್ದ ಸೀರೆಯನ್ನು ಒಗೆದು ಅವ್ವನಿಗೆ ಉಡಿಸಿದೆ. ಮಂಡಿಯ ಮೇಲೆ ಎತ್ತಿ ಕಟ್ಟಿದೆ. ಓಲೆ ಬಿಚ್ಚಿಸಿದೆ. ಬಾಚಿದ ತಲೆಯನ್ನು ನನ್ನ ಕೈಯಾರೆ ಕೆದರಿದೆ. ಪವಮಾನರ ಪುಸ್ತಕದಲ್ಲಿ ಒಂದು ಹಳೆಯ ಚಿತ್ರವಿತ್ತು, ರವಿಕೆ ಇಲ್ಲದ ಹೆಂಗಸಿನದು. ಅದನ್ನು ಮೊಬೈಲಿನಲ್ಲಿ ನೋಡಿಕೊಂಡು ಹೆತ್ತ ತಾಯಿಗೆ ವೇಷ ಕಟ್ಟುತ್ತಿದ್ದೆ. ರವಿಕೆಯ ಗುಂಡಿಗೆ ಕೈ ಹಾಕಿದಾಗ ಅವ್ವ ನನ್ನ ಕೈ ಹಿಡಿದಳು.

"ಅದೊಂದ್ ಬ್ಯಾಡ ಕಣ್ಮಗಾ."

"ಒಂದಿನ ಕಣವ್ವ."

"ಒಂದಿನಾನೂ ಬ್ಯಾಡ."

ಬಿಟ್ಟೆ. ನಾಚಿಕೆಯಿಂದ ಮೈ ಸುಟ್ಟುಹೋಯಿತು. ಹುದ್ದೆ ಬಂದ ದಿನ ಅವ್ವನನ್ನು ಕಕ್ಕಸು ತೊಳೆಯುವ ಕೆಲಸದಿಂದ ಬಿಡಿಸುತ್ತೇನೆ ಎಂದು ಬಾಯೊಳಗೇ ಹೇಳಿಕೊಳ್ಳುತ್ತಾ ಬಾಗಿಲಿಗೆ ಬೀಗ ಹಾಕಿದೆ.

ಸಿಟಿ ಬಸ್ಸಿನಲ್ಲಿ ಅವ್ವ ದಿನಾ ಹೋಗುತ್ತಾಳೆ. ಕಂಡಕ್ಟರ್ ಪರಿಚಯದವನು, ಬನ್ನಿ ಮಾದೇವಮ್ಮ ಎನ್ನುತ್ತಾನೆ. ಅವತ್ತು ಅವನು ಅವಳ ಮುಖ ನೋಡಲೇ ಇಲ್ಲ, ಸೀರೆ ನೋಡಿದ. "ಏಯ್, ಹಿಂದಕ್ಕೋಗು. ಫ್ರೀ ಅಂತ ಹತ್ಬುಟ್ರೆ ಆಯ್ತಾ? ಆಧಾರ್ ತೆಗಿ. ಕರ್ನಾಟಕದೋಳೇನು ನೀನು?" ಅವ್ವ ಕಾರ್ಡು ತೋರಿಸಿದಳು. ಹೆಸರು ಓದಿದ ಮೇಲೆ ಅವನಿಗೆ ಗುರುತು ಸಿಕ್ಕಿತು. ತಲೆ ತಗ್ಗಿಸಿಕೊಂಡು ಮುಂದಕ್ಕೆ ಹೋದ. ಪಕ್ಕದ ಸೀಟಿನ ಹೆಂಗಸು ಮಾತ್ರ ಸೆರಗು ಎಳೆದುಕೊಂಡು ಕಿಟಕಿಯ ಕಡೆ ಸರಿದಳು.

ಸಮಿತಿಯವರಿಗೆ ಅವತ್ತು ಅವ್ವ ಹಿಡಿಸಿದಳು. ಪವಮಾನರ ಮುಖ ಅರಳಿತು. "ಈಗ ನೋಡಿ!" ಎಂದರು. ಅದೇ ಹೆಂಗಸು, ಅದೇ ಮೂಗು, ಅದೇ ಕಣ್ಣು. ಹರಕು ಸೀರೆ ಬಂದ ಮೇಲೆ ನಂಬಿಕೆ ಬಂತು.

"ಮೈಮೇಲೆ ಹಚ್ಚೆ ಇರಬೇಕಲ್ಲ?" ಎಂದರು.

ಅವ್ವ ಮುಂಗೈ ತೋರಿಸಿದಳು. ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಚುಕ್ಕಿಗಳು. ಆಸಿಡ್ ಬಿದ್ದು ಅರ್ಧ ಅಳಿಸಿಹೋಗಿವೆ.

"ಇದು ಸ್ಪಷ್ಟ ಇಲ್ಲ. ತೋಳಿನ ಮೇಲೆ, ಎದೆ ಹತ್ರ ಇರುತ್ತೆ ಇವರಲ್ಲಿ."

ವಾಗೀಶ ಗಾರ್ಗಿ ಮೇಡಂ ಕಡೆ ನೋಡಿದರು. ಅವರು ಎದ್ದರು. "ಬನ್ನಿ ಅಮ್ಮ, ಪಕ್ಕದ ರೂಮಿಗೆ. ನಾವಿಬ್ರೂ ಹೆಂಗಸ್ರೇ ಅಲ್ವಾ, ನಾಚ್ಕೆ ಯಾಕೆ?" ನಾನೂ ಹೊರಟೆ. ನೀವು ಇಲ್ಲೇ ಇರ್ರೀ ಎಂದರು ವಾಗೀಶ.

ಹಳೆ ಫೈಲುಗಳ ಕೋಣೆ ಅದು. ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಒಳಗೆ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ. ಹೊರಗೆ ಬಂದಾಗ ಅವ್ವನ ಕೈ ಎದೆಯ ಮೇಲಿತ್ತು, ರವಿಕೆಯ ಕೊನೆಯ ಗುಂಡಿ ಹಾಕಿಕೊಳ್ಳುತ್ತಿದ್ದಳು. ಸುಲಿದ ಬೆರಳಿಗೆ ಗುಂಡಿ ಸಿಗುತ್ತಿರಲಿಲ್ಲ. ಗಂಡಸರಿಬ್ಬರೂ ಆ ಗುಂಡಿಯನ್ನೇ ನೋಡುತ್ತಿದ್ದರು. ನಾನು ಹೋಗಿ ಅಡ್ಡ ನಿಂತು ಹಾಕಿದೆ.

"ಎಡಗಡೆ ಒಂದಿದೆ ಸರ್," ಎಂದರು ಗಾರ್ಗಿ ಮೇಡಂ, ನೆಲ ನೋಡಿಕೊಂಡು.

"ಗುಡ್," ಎಂದರು ಪವಮಾನ. "ಈಗ ಜೇನಿನ ಹಾಡು. ಮರ ಹತ್ತುವಾಗ ಹಾಡ್ತಾರಲ್ಲ, ಅದು."

"ಅದು ನಮ್ಮೆಜಮಾನ್ರ ಹಾಡು ಸಾ. ಮರದ್ ಬುಡ್ದಲ್ ನಿಂತು ಹಾಡೋದು. ಇಲ್ಲಿ ಮರಾ ಎಲ್ಲದೆ?"

"ಮರ ಇದೆ ಅಂದ್ಕೊಳಮ್ಮ."

"ಎಂಗ್ ಅಂದ್ಕೊಳದು? ನಂಗ್ ಬರಲ್ಲ ಸಾ."

ವಾಗೀಶ ಪೆನ್ನಿನ ಮುಚ್ಚಳ ಹಾಕಿದರು. "ಅವ್ವ, ಯಾವ್ದಾದ್ರೂ ಹಾಡವ್ವ. ನಿಂಗ್ ಬರೋದು ಯಾವ್ದಾದ್ರೂ," ಎಂದೆ. ಬೇಡಿಕೊಂಡೆ. ಅವ್ವ ನನ್ನನ್ನು ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು ನಮ್ಮ ಮಾತಿನಲ್ಲಿ ಶುರುಮಾಡಿದಳು.

ಮೊದಲ ಸಾಲಿಗೇ ನನಗೆ ಗುರುತು ಸಿಕ್ಕಿತು. ಅದು ಸಾವಿನ ಹಾಡು. ಅಪ್ಪ ಸತ್ತ ದಿನ ಅವನ ತಲೆಯ ಹತ್ತಿರ ಕೂತು ಅವ್ವ ಹಾಡಿದ್ದು. ಎದ್ದು ಬಾ, ಒಲೆ ಉರಿಯುತ್ತಿದೆ ಎಂದು ಕರೆಯುತ್ತಾಳೆ ಅದರಲ್ಲಿ. ನಿನ್ನ ಬೆನ್ನಿನ ಬಾಸುಂಡೆಗೆ ಯಾವ ಸೊಪ್ಪು ಅರೆಯಲಿ ಎಂದು ಕೇಳುತ್ತಾಳೆ. ಮಗಳು ಸ್ಕೂಲಿನಿಂದ ಬಂದಿದ್ದಾಳೆ, ಅವಳನ್ನಾದರೂ ನೋಡು ಎನ್ನುತ್ತಾಳೆ. ಅವತ್ತು ಅವಳೇ ಕಟ್ಟಿದ ಸಾಲು ಅದು. ಆ ಹಾಡು ಶುರು ಮಾಡಿದರೆ ನಡುವೆ ನಿಲ್ಲಿಸಬಾರದು, ನಿಲ್ಲಿಸಿದರೆ ಕರೆದ ಜೀವ ದಾರಿ ತಪ್ಪಿ ಅಲ್ಲೇ ನಿಂತುಬಿಡುತ್ತದೆ ಎಂದು ಅಜ್ಜಿ ಹೇಳುತ್ತಿದ್ದಳು.

ಅರ್ಧವೂ ಆಗಿರಲಿಲ್ಲ. ಪವಮಾನ ಚಪ್ಪಾಳೆ ತಟ್ಟಿದರು. ವಾಗೀಶರೂ ತಟ್ಟಿದರು. ಗಾರ್ಗಿ ಮೇಡಂ ಕೂಡ. ಅವ್ವ ಬೆಚ್ಚಿ ನಿಲ್ಲಿಸಿದಳು.

"ಎಂಥಾ ಧಾಟಿ! ಕಾಡು ಕೊಟ್ಟ ಜೇನಿಗೆ ಕೃತಜ್ಞತೆ ಇದು. ಇವರ ಬದುಕಲ್ಲಿ ದ್ವೇಷವೇ ಇಲ್ಲ ನೋಡಿ," ಎಂದರು ಪವಮಾನ. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

ವಾಗೀಶ ಪೆನ್ನು ತೆಗೆದು ಬರೆಯತೊಡಗಿದರು. ನಾನು ಬಾಯಿ ಬಿಡಲಿಲ್ಲ. ಕೆಲಸ ಆಗುತ್ತಿತ್ತು. ಕಣ್ಣೆದುರೇ ಆಗುತ್ತಿತ್ತು.

"ಒಂದ್ನಿಮಿಷ ಸರ್," ಎಂದರು ಗಾರ್ಗಿ ಮೇಡಂ, ಮೊಬೈಲ್ ಹಿಡಿದುಕೊಂಡು. "ರೆಕಾರ್ಡ್ ಆಗಿಲ್ಲ. ನಾನು ಒತ್ತಿದ್ದೆ ಅಂದ್ಕೊಂಡೆ."

"ಹೌದಾ? ಹಾಗಿದ್ರೆ ಇನ್ನೊಂದ್ಸಲ ಆಗ್ಲಿ," ಎಂದರು ವಾಗೀಶ. "ಮೊದಲಿಂದ ಹಾಡಮ್ಮ. ಈ ಸಲ ಹೆಜ್ಜೆ ಹಾಕ್ಕೊಂಡು. ಸ್ವಲ್ಪ ನಗ್ತಾ."

ಅವ್ವ ಅಲುಗಾಡಲಿಲ್ಲ.

"ಇಲ್ಲ," ಎಂದಳು.

"ಯಾಕಮ್ಮ? ಈಗ ತಾನೆ ಹಾಡಿದ್ಯಲ್ಲ?"

"ಹಾಡ್ದೆ. ಅದ್ನ ಎಲ್ಡು ಸಲ ಹಾಡಲ್ಲ. ಅದಕ್ ಯಾರೂ ಕುಣಿಯಲ್ಲ."

"ಕುಣಿಯಲ್ಲ ಅಂದ್ರೆ? ವಿಡಿಯೋ ಇಲ್ದೆ ವರದಿ ಮುಗಿಯಲ್ಲ. ನಿಮಗೆ ಮೀಸಲಾತಿ ಬೇಕು, ಸಹಕಾರ ಕೊಡೋದಕ್ಕೆ ಮಾತ್ರ ಆಗಲ್ಲ. ಮಗಳು ನೀವಾದ್ರೂ ಹೇಳ್ರೀ. ನಿಮ್ಮ ಕೆಲಸದ ಪ್ರಶ್ನೆ."

ಎಲ್ಲರೂ ನನ್ನನ್ನು ನೋಡಿದರು. ಅವ್ವನೂ ನೋಡಿದಳು. ಹೇಳಿದ್ದರೆ ಹಾಡುತ್ತಿದ್ದಳು. ಅದು ನನಗೆ ಗೊತ್ತು. ಸತ್ತ ಗಂಡನನ್ನು ಮತ್ತೆ ಕರೆದು, ಅವನ ಹೆಣದ ಸುತ್ತ ನಗುತ್ತಾ ಕುಣಿದು ತೋರಿಸುತ್ತಿದ್ದಳು ನನಗೋಸ್ಕರ. ಅಷ್ಟು ದೂರ ಅವಳನ್ನು ಎಳೆದು ತಂದಿದ್ದೆ ನಾನು. ಇವರು ಕುರ್ಚಿಯಿಂದ ಏಳದೆ ಎಳೆಸಿದ್ದರು.

"ಹಾಡಲ್ಲ ಅಂದ್ರಲ್ಲ ಸಾರ್," ಎಂದೆ.

"ಏನ್ರೀ?"

"ನಿಮ್ಮ ತಾಯೀನ ಕರ್ಕೊಂಡ್ ಬನ್ನಿ ಸಾರ್. ಹಳೇ ಸೀರೆ ಉಡಿಸ್ಕೊಂಡ್ ಬನ್ನಿ. ನಿಮ್ಮ ಜಾತೀದು ಹಾಡಿ, ಕುಣಿದು ತೋರಿಸ್ಲಿ. ಒಳಗೆ ಕರ್ಕೊಂಡ್ ಹೋಗಿ ಎದೆ ನಾನು ನೋಡ್ತೀನಿ. ನಾನೂ ಹೆಂಗಸೇ ತಾನೆ, ನಾಚ್ಕೆ ಯಾಕೆ?"

ಗಾರ್ಗಿ ಮೇಡಂ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು. ಪವಮಾನ "ಛೆ ಛೆ" ಎಂದರು. ವಾಗೀಶರ ಮುಖ ಕೆಂಪಾಯಿತು.

"ಅರ್ಜಿ ತಿರಸ್ಕಾರ ಮಾಡ್ಬೇಕಾಗುತ್ತೆ. ಗೊತ್ತಿದ್ಯಾ?"

"ಮಾಡ್ಕೊಳಿ. ಇವರು ಕಾಡಿನವರಲ್ಲ ಅಂತ ಬರ್ಕೊಳಿ. ಕಾಡಿಂದ ಓಡಿಸಿದ್ದು ಯಾರು ಅಂತ ಅದರ ಕೆಳಗೇ ಬರ್ಕೊಳಿ."

ಅವ್ವನ ಕೈ ಹಿಡಿದುಕೊಂಡು ಹೊರಗೆ ಬಂದೆ. ಮಂಟಯ್ಯ ಬಾಗಿಲಲ್ಲೇ ಇದ್ದ, ದಾರಿ ಬಿಟ್ಟ. ಕಾರಿಡಾರಿನ ತುಂಬ ಜನ, ಕೈಯಲ್ಲಿ ಕವರು ಹಿಡಿದುಕೊಂಡು ತಮ್ಮ ಸರದಿಗೆ ಕಾಯುತ್ತಿದ್ದವರು. ಅಳು ಬರುತ್ತಿರಲಿಲ್ಲ, ಯಾರನ್ನಾದರೂ ಹೊಡೆಯಬೇಕು ಎನ್ನಿಸುತ್ತಿತ್ತು.

ಕಚೇರಿಯ ಮೆಟ್ಟಿಲಿನ ಹತ್ತಿರ ಅವ್ವ ನಿಂತಳು.

"ಕೆಲ್ಸ ಹೋಯ್ತಾ ಮಗಾ?"

"ಹೋಯ್ತು ಅನ್ಸುತ್ತೆ ಕಣವ್ವ."

ಅವ್ವ ತಿರುಗಿ ಒಳಗಿನ ಆ ಬಾಗಿಲನ್ನು ನೋಡಿದಳು.

"ಬಾ ಅವ್ವ, ಬಸ್ಸು ಬರುತ್ತೆ."

"ಎಂಗ್ ಬರ್ಲಿ? ಅರ್ಧಕ್ಕೆ ಬುಟ್ಬಂದಿವ್ನಿ. ನಿಮ್ಮಪ್ಪ ಆ ರೂಮಲ್ಲೇ ನಿಂತವ್ರೆ ಕಣ್ಮಗಾ. ಆ ಕುರ್ಚಿಯೋರ್ ಜೊತೇಲಿ ಎಂಗ್ ಬುಟ್ಬುಟ್ ಹೋಗ್ಲಿ?"

ಹಾಗೆಂದವಳೇ ಮೆಟ್ಟಿಲ ಮೇಲೆ ಕೂತಳು, ನಡುಮಧ್ಯದಲ್ಲಿ, ಬರುವವರಿಗೂ ಹೋಗುವವರಿಗೂ ದಾರಿ ಇಲ್ಲದ ಹಾಗೆ. ಕಾಲು ಚಾಚಿಕೊಂಡಳು. ಎರಡು ಕೈಯಿಂದಲೂ ಎದೆಗೆ ಬಡಿದುಕೊಂಡಳು. ಬಿಟ್ಟ ಸಾಲಿನಿಂದ ಹಾಡು ಎತ್ತಿಕೊಂಡಳು. ಒಳಗೆ ಹಾಡಿದ ದನಿ ಅಲ್ಲ ಇದು. ಗಂಟಲು ಹರಿಯುವ ಹಾಗೆ, ರಸ್ತೆಯ ಆಚೆಯ ಟೀ ಅಂಗಡಿಯವರೂ ತಿರುಗಿ ನೋಡುವ ಹಾಗೆ.

ನನಗೆ ಆ ಹಾಡು ಪೂರ್ತಿ ಬರುವುದಿಲ್ಲ. ಪಕ್ಕದಲ್ಲಿ ಕೂತು ಬಂದಷ್ಟು ಹೇಳಿದೆ. ಪ್ರತಿ ಸಾಲಿನ ಕೊನೆಗೆ ಅಪ್ಪನನ್ನು ಕರೆಯುವುದೊಂದು ಬರುತ್ತಿತ್ತು, ಅದನ್ನು ಕೂಗಿ ಹೇಳಿದೆ. ಸಾಲಿನಲ್ಲಿದ್ದವರು ಹೊರಗೆ ಬಂದರು. ಯಾರವ್ವ ಹೋದದ್ದು, ಪಾಪ, ಎಂದು ಒಬ್ಬರು ಕೇಳಿದರು. ಸಾವಿನ ಮುಂದೆ ಸುಮ್ಮನೆ ನಿಲ್ಲಬಾರದೆಂದು ಗೊತ್ತಿದ್ದ ಮುದುಕಿಯೊಬ್ಬಳು ತನ್ನ ಕವರನ್ನು ಕಂಕುಳಲ್ಲಿ ಇರುಕಿಕೊಂಡು ಅವ್ವನ ಬೆನ್ನ ಹಿಂದೆ ಕೂತಳು, ತನ್ನ ಮಾತಿನಲ್ಲೇ ದನಿಗೂಡಿಸಿ ಅತ್ತಳು. ಇನ್ನೊಬ್ಬಳು ಕೂತಳು. ಮಂಟಯ್ಯ ಏಳಿಸಲು ಬಂದವನು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಗೋಡೆ ಪಕ್ಕ ನಿಂತ.

ವಾಗೀಶ ಬಂದರು. ಅವರ ಹಿಂದೆ ಪವಮಾನ.

"ಏನ್ರೀ ಇದು ನಾಟಕ? ಎಬ್ಬಿಸ್ರೀ ಇವರನ್ನ! ಕಚೇರಿ ಮುಂದೆ ಕೂತು ಅಳೋದಕ್ಕೆ ಇಲ್ಲಿ ಯಾರ್ರೀ ಸತ್ತಿದ್ದಾರೆ?"

ನಾನು ಎದ್ದೆ. ಮೆಟ್ಟಿಲು ಹತ್ತಿ ಅವರ ಎದುರಿಗೇ ನಿಂತೆ.

"ನಮ್ಮಪ್ಪ," ಎಂದೆ. "ಕಾಳಯ್ಯ ಅಂತ ಹೆಸರು. ಒಳಗೆ ಆಗಲೇ ಚಪ್ಪಾಳೆ ತಟ್ಟಿದ್ರಲ್ಲ, ಅವರಿಗೇ."

ಪವಮಾನರ ಬಾಯಿ ತೆರೆದುಕೊಂಡಿತು. ವಾಗೀಶ ಏನೋ ಹೇಳಲು ಹೊರಟರು.

"ಸುಮ್ನಿರಿ," ಎಂದೆ. "ಅವ್ವ ಇನ್ನೂ ಮುಗಿಸಿಲ್ಲ."